ದಬ್ಬಣದ ಗೀರು

ಮೊಳಕಾಲ್ಮೂರಿನ ಚಾಂದ್ ಪಾಷನ ಮನೆಯ ಬಾಗಿಲು ತಟ್ಟುವ ದಿನ ತನಗೆ ಬರುತ್ತದೆಂದು ಚಳ್ಳಕೆರೆಯ ಕೊಟ್ಟೂರಪ್ಪ ಎಂದೂ ಎಣಿಸಿರಲಿಲ್ಲ. ಇಬ್ಬರದೂ ಒಂದೇ ಕಸುಬು, ಮೈಕ್‌ಸೆಟ್ಟು. ಎಲ್ಲಿ ಚಪ್ಪರ ಎದ್ದರೂ ಅಲ್ಲಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಕಂಬಕ್ಕೆ ಹಾರ್ನು ಕಟ್ಟಿ, ಗ್ರಾಮಫೋನಿನ ಪ್ಲೇಟು ಹಾಕಿ ಊರಿಗೆ ಹಾಡು ಕೇಳಿಸುವ ಕೆಲಸ. ಆದರೆ ಪಾಷನನ್ನು ತನ್ನ ಜೊತೆಗಾರನೆಂದು ಕೊಟ್ಟೂರಪ್ಪ ಒಂದು ದಿನವೂ ಒಪ್ಪಿದವನಲ್ಲ. ತಾನು ಸ್ನಾನ ಮಾಡಿ, ವಿಭೂತಿ ಧರಿಸಿ, ಮೊದಲ ಪ್ಲೇಟನ್ನು ಕಣ್ಣಿಗೊತ್ತಿಕೊಂಡು ಹಾಕುವವನು. ಪಾಷ ಎಲೆಯಡಿಕೆ ಜಗಿಯುತ್ತ ಕೈಗೆ ಸಿಕ್ಕಿದ್ದನ್ನು ಹಾಕುವವನು. ಅವನ ಪೆಟ್ಟಿಗೆಗೆ ಕೊಟ್ಟೂರಪ್ಪ ಇಟ್ಟ ಹೆಸರು ತಿಪ್ಪೆಗುಂಡಿ.

ಈಗ ಇಬ್ಬರ ಪೆಟ್ಟಿಗೆಯೂ ಮಂಚದ ಕೆಳಗೆ ಸೇರಿ ಎಷ್ಟೋ ವರ್ಷವಾಗಿತ್ತು. ಕ್ಯಾಸೆಟ್ಟು ಬಂದು ಪ್ಲೇಟನ್ನು ನುಂಗಿತು. ಕ್ಯಾಸೆಟ್ಟೆಂದರೆ ಕೊಟ್ಟೂರಪ್ಪನ ಪಾಲಿಗೆ ಡಬ್ಬಿಯೊಳಗೆ ಸುತ್ತಿಟ್ಟ ಲಾಡಿ. ಅದರಿಂದ ಹಾಡು ಕೇಳುವವರನ್ನು ಅವನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಇತ್ತೀಚೆಗೆ ಬಂದ ಹೊಳೆಯುವ ತಟ್ಟೆಯನ್ನು ಕಂಡಾಗಲಂತೂ, ಇದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು, ಬೇರೆ ಕೆಲಸಕ್ಕೆ ಬಾರದು ಎಂದು ಅಂಗಡಿಯವನ ಎದುರಿಗೇ ಹೇಳಿ ಬಂದಿದ್ದ.

ಅವನ ಹೆಂಡತಿ ರೇಣುಕಮ್ಮ ತೀರಿಕೊಂಡು ವರ್ಷ ತುಂಬುತ್ತಿತ್ತು. ಸೋಮವಾರ ವರ್ಷದ ಎಡೆ. ಪರಶುರಾಂಪುರಕ್ಕೆ ಕೊಟ್ಟ ಮಗಳು ಸ್ವಪ್ನ ಎರಡು ದಿನ ಮೊದಲೇ ಬಂದು, ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಸಾಮಾನಿನ ಪಟ್ಟಿ ಬರೆಯುತ್ತಿದ್ದಳು. ಅವರ ಮನೆತನದಲ್ಲಿ ಒಂದು ಕಟ್ಟು ಇತ್ತು. ಹೋದವರು ಕೊನೆಗಾಲದಲ್ಲಿ ಬಾಯಿಬಿಟ್ಟು ಕೇಳಿದ್ದು ಯಾವುದೂ ವರ್ಷದ ಎಡೆಯಲ್ಲಿ ತಪ್ಪಬಾರದು. ತಪ್ಪಿದರೆ ಅವರು ಎಡೆಯ ಕಡೆ ಮುಖ ಮಾಡುವುದಿಲ್ಲ. ಈ ಕಟ್ಟನ್ನು ಕೊಟ್ಟೂರಪ್ಪನಷ್ಟು ಬಿಗಿಯಾಗಿ ಹಿಡಿದವರು ಆ ಬೀದಿಯಲ್ಲಿ ಇರಲಿಲ್ಲ. ದಾಯಾದಿ ತಿಪ್ಪಯ್ಯ ತನ್ನ ಅವ್ವನ ಎಡೆಗೆ ನಶ್ಯದ ಡಬ್ಬಿ ಇಡಲು ಮರೆತಾಗ, "ಹೆತ್ತವಳ ಮೂಗಿಗೊಂದು ಚಿಟಿಕೆ ನಶ್ಯ ಕೊಡದ ಮಗ" ಎಂದು ಬೀದಿಗೆಲ್ಲ ಕೇಳುವಂತೆ ಹಂಗಿಸಿದ್ದವನು ಇವನೇ.

"ಹೋಳಿಗೆ ಬರಕೊ. ಕೆಂಪು ಚಟ್ನಿ, ಮೊಸರು. ಚಿಗುರೆಲೆ, ಸುಣ್ಣ ಬ್ಯಾರೆ ಇಡಬೇಕು" ಎಂದು ಕೊಟ್ಟೂರಪ್ಪ ಹೇಳುತ್ತಿದ್ದ.

ಸ್ವಪ್ನ ಬರೆದು ಮುಗಿಸಿ ಪೆನ್ನು ಕೆಳಗಿಟ್ಟಳು. "ಅಪ್ಪ, ಇನ್ನೊಂದು ಐತೆ."

"ಏನು?"

"ಅವ್ವ ಕೇಳಿದ್ಲಲ್ಲ, ಆ ಹಾಡು."

"ಹಾಡನ್ನ ಎಲೆ ಮ್ಯಾಲೆ ಬಡಿಸ್ತಾರೇನು?"

"ಬಡಿಸೋದು ನಿನ್ನ ಕಸುಬೇ ಅಲ್ವ. ಊರಿಗೆಲ್ಲ ಬಡಿಸಿದೀಯ." ಅವಳು ತಲೆ ಎತ್ತಲಿಲ್ಲ. "ಮೂರು ದಿನ ಕೇಳಿದ್ಲು. ತಿಪ್ಪಯ್ಯ ಮಾವನಿಗೆ ನಶ್ಯದ ಮಾತು ಆಡಿದೋನು ನೀನು. ಸೋಮವಾರ ಅವರೂ ಬರ್ತಾರೆ."

ಕೊಟ್ಟೂರಪ್ಪ ಎದ್ದು ಹಿತ್ತಲಿಗೆ ಹೋದ.

ಆ ಹಾಡಿನ ಕಥೆ ಇಪ್ಪತ್ತಮೂರು ವರ್ಷ ಹಿಂದಿನದು. ಅವನಲ್ಲಿ ಎರಡು ಹಾಡಿನ ಒಂದು ಸಣ್ಣ ಪ್ಲೇಟಿತ್ತು. ಯಾವುದೋ ಸಣ್ಣ ಕಂಪನಿಯದು. ನಾಲ್ಕಾರು ಪ್ಲೇಟು ತಂದು ಆ ಕಂಪನಿ ಮುಚ್ಚಿಹೋಯಿತಂತೆ. ಲೇಬಲ್ಲಿನ ಮೇಲೆ ಒಂದು ನವಿಲು, ಅದರ ಕೆಳಗೆ 'ಕು. ವನಜಾ ಮತ್ತು ಸಂಗಡಿಗರು' ಎಂದಷ್ಟೇ. ಆ ವನಜಾ ಯಾರು, ಯಾವ ಊರಿನವಳು, ಆಮೇಲೆ ಏನಾದಳು, ಯಾರಿಗೂ ತಿಳಿಯದು. ಒಂದು ಬದಿಯಲ್ಲಿ ಶಿವನ ಮೇಲಿನ ಹಾಡು. ಕೇಳಿದರೆ ಕೊಟ್ಟೂರಪ್ಪನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಇನ್ನೊಂದು ಬದಿಯಲ್ಲಿ, ಹೊರಟು ನಿಂತ ಗೆಣೆಕಾರನನ್ನು ಹೆಣ್ಣೊಬ್ಬಳು ಇನ್ನೊಂದು ಗಳಿಗೆ ಕೂರು ಎಂದು ಕರೆಯುವ ಹಾಡು. ಆ ಬದಿಯನ್ನು ಅವನು ಬೇಕೆಂದು ಎಂದೂ ಹಾಕಿರಲಿಲ್ಲ.

ಹಾಕಿದ್ದು ಒಂದೇ ಸಲ, ಅದೂ ತಪ್ಪಿ. ಕಾರ್ತಿಕ ಸೋಮವಾರ, ಬೀದಿಯ ಗುಡಿಯಲ್ಲಿ ದೀಪದ ಪೂಜೆ. ಪೂಜೆ ಮುಗಿದು ಪಲ್ಲಕ್ಕಿ ಎತ್ತುವ ಹೊತ್ತಿಗೆ ಶಿವನ ಹಾಡು ಏಳಬೇಕು. ಎರಡು ಬದಿಗೂ ಒಂದೇ ನವಿಲು, ಒಂದೇ ಬಣ್ಣ. ಅವಸರದಲ್ಲಿ ಮಗುಚಿ ಹಾಕಿಬಿಟ್ಟ. ನಾಲ್ಕು ಜನ ದೇವರನ್ನು ಹೆಗಲಿಗೆ ಎತ್ತುತ್ತಿದ್ದ ಹಾಗೆ, 'ಹೊರಟೆಯೇನು, ಇನ್ನೊಂದು ಗಳಿಗೆ ಕೂರು' ಎಂದು ಹಾರ್ನು ಕೂಗಿತು. ಗುಡಿಯ ಯಜಮಾನಿಕೆ ನೋಡುತ್ತಿದ್ದ ಬೊಮ್ಮಣ್ಣ ಅಷ್ಟು ಜನರ ನಡುವೆ, "ಲೇ ಕೊಟ್ಟೂರ, ತೆಗಿಯಲೇ ಅದನ್ನ" ಎಂದು ಅಬ್ಬರಿಸಿದ. ಕೊಟ್ಟೂರಪ್ಪ ಮುಳ್ಳು ಎತ್ತಿದ. ಹೆಂಗಸರ ಸಾಲಿನಲ್ಲಿ ನಗು ಹಬ್ಬಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕವರಲ್ಲಿ ರೇಣುಕಮ್ಮನೂ ಒಬ್ಬಳು.

ಮನೆಗೆ ಬಂದವನೇ ಗೋಣಿ ಹೊಲಿಯುವ ದಬ್ಬಣ ತೆಗೆದುಕೊಂಡ. ಆ ಹಾಡಿನ ಬದಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಎರಡು ಗೀರು ಎಳೆದ. ಅಷ್ಟಕ್ಕೆ ಅವನ ಸಿಟ್ಟು ಇಳಿಯಲಿಲ್ಲ. ಪೆಟ್ಟಿಗೆಯಲ್ಲಿದ್ದ ಸಣ್ಣ ಪ್ಲೇಟುಗಳನ್ನೆಲ್ಲ ಸುರುವಿಕೊಂಡು, ಒಂದು ಬದಿಗೆ ದೇವರು ಇನ್ನೊಂದು ಬದಿಗೆ ಬೇರೇನಾದರೂ ಇದ್ದ ಪ್ಲೇಟಿನ ಆ ಬೇರೆ ಬದಿಯನ್ನು ಒಂದೂ ಬಿಡದೆ ಗೀರಿದ. ಇನ್ನು ಮಗುಚಿ ಬೀಳುವ ಭಯವಿಲ್ಲ, ದೇವರ ಮುಂದೆ ಮಾನ ಹೋಗುವ ಪ್ರಶ್ನೆಯಿಲ್ಲ. ರೇಣುಕಮ್ಮ ಒಲೆಯ ಮುಂದಿನಿಂದ ನೋಡುತ್ತಿದ್ದಳು. "ತಪ್ಪು ಮಾಡಿದ್ದು ನಿಮ್ಮ ಕೈ. ಹಾಡೇನು ಮಾಡಿತ್ತು?" ಎಂದಳು. ಆ ಮಾತಿಗೆ ಉತ್ತರ ಕೊಡುವುದು ತನ್ನ ಘನತೆಗೆ ಕಡಿಮೆ ಎಂದು ಅವನಿಗೆ ಕಂಡಿತು. ಮಾರನೆಯ ದಿನ ಈ ಕೆಲಸವನ್ನು ದೊಡ್ಡ ವ್ರತವೆಂಬಂತೆ ಬೀದಿಯಲ್ಲಿ ಹೇಳಿಕೊಂಡು ತಿರುಗಿದ. ಮನುಷ್ಯ ತನ್ನ ಅವಮಾನಕ್ಕೆ ಭಕ್ತಿಯ ಅಂಗಿ ತೊಡಿಸಿದರೆ ಅದನ್ನು ಬಿಚ್ಚಿ ನೋಡುವವರು ಯಾರು? ಬೊಮ್ಮಣ್ಣನೇ ಬೆನ್ನು ತಟ್ಟಿದ.

ಹೋದ ವರ್ಷ ರೇಣುಕಮ್ಮ ಹಾಸಿಗೆ ಹಿಡಿದಾಗ ಮೂರು ದಿನ ಒಂದೇ ಸಮನೆ ಕೇಳಿದಳು. "ಆ ವನಜಾಂದು, ಆಚೆ ಕಡೇದು, ಒಂದು ಸಲ ಹಾಕ್ರಿ."

"ಈ ಹೊತ್ತಿನಲ್ಲಿ ಶಿವಾ ಅನ್ನು. ಅದೆಂಥ ಹಾಡು ಬೇಕು ನಿಂಗೆ" ಎಂದಿದ್ದ ಕೊಟ್ಟೂರಪ್ಪ. ಶಿವನ ಹಾಡಿನ ಬದಿಯನ್ನೇ ಹಾಕಿದ್ದ. ಅವಳು ಕೊನೆಯವರೆಗೂ ಕೇಳಿ, "ಇದೂ ಚೆನ್ನಾಗೈತೆ" ಎಂದು ಗೋಡೆಯ ಕಡೆ ತಿರುಗಿದ್ದಳು.

ಹಿತ್ತಲಿನಿಂದ ಒಳಗೆ ಬಂದ ಕೊಟ್ಟೂರಪ್ಪ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಆ ಪ್ಲೇಟು ಹುಡುಕಿದ. ಮಗಳ ಎದುರಿಗೇ ಗೀರಿದ ಬದಿಯನ್ನು ಮೇಲೆ ಮಾಡಿ ಮುಳ್ಳು ಇಟ್ಟ. ಮುಳ್ಳು ಬೇಲಿ ಹಾರುವ ಮೇಕೆಯ ಹಾಗೆ ಹಾರಿತು. 'ಹೊರಟೆ' ಎಂದು ಒಂದು ಸಲ, ಟಕ್ಕೆಂದು ಗೀರು, ಮತ್ತೆ 'ಹೊರಟೆ', ಮತ್ತೆ ಗೀರು. ಆ ಒಂದು ಮಾತಿನಿಂದ ಮುಂದಕ್ಕೆ ಹಾಡು ಹೋಗಲೇ ಇಲ್ಲ.

"ಮೊಳಕಾಲ್ಮೂರಿನ ಸಾಬರ ಹತ್ರ ಐತಂತೆ. ಅವ್ವ ಹೇಳ್ತಿದ್ಲು" ಎಂದಳು ಸ್ವಪ್ನ.

"ಅವ್ವಂಗೆ ಹೆಂಗೆ ಗೊತ್ತು?"

"ನಂಗೇನು ಗೊತ್ತು. ಹೋಗಿ ಕೇಳು."

ಭಾನುವಾರ ಮಧ್ಯಾಹ್ನ ಕೊಟ್ಟೂರಪ್ಪ ಬಸ್ಸು ಹತ್ತಿದ. ತಳಕು ದಾಟಿ ಹಾನಗಲ್ಲಿನಲ್ಲಿ ಬಸ್ಸು ತಿರುಗುವವರೆಗೂ ಪಾಷನ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದ. ಕೊಡಪ್ಪ ಎಂದು ಕೇಳುವುದಿಲ್ಲ. ನಿನ್ನ ತಿಪ್ಪೆಗುಂಡಿಯಲ್ಲಿ ನನಗೆ ಬೇಕಾದ್ದು ಒಂದಿದೆ, ತೆಗೆ ಎನ್ನುವ ಧಾಟಿಯಲ್ಲಿ ಕೇಳಬೇಕು. ಆಮೇಲೆ ಒಂದು ದಿನಕ್ಕೆ ಎರವಲು ತಂದು, ಬಸ್ಸಿನಲ್ಲೇ ವಾಪಸು ಕಳಿಸಿದರಾಯಿತು.

ಪಾಷನ ಮನೆ ರೇಷ್ಮೆ ಮಗ್ಗಗಳ ಕೇರಿಯಲ್ಲಿತ್ತು. ಬಾಗಿಲು ತೆಗೆದವಳು ಅವನ ಹೆಂಡತಿ ಸಕೀನಾ ಬೀ. ಗುರುತು ಹಿಡಿದು ಸೆರಗು ಸರಿಮಾಡಿಕೊಂಡಳು. "ಬನ್ನಿ ಅಣ್ಣ. ರೇಣುಕಕ್ಕನ ವಿಷಯ ಕೇಳಿದ್ವಿ. ಬರಬೇಕು ಅಂತ ನಾನಂದ್ರೆ, ಕೊಟ್ಟೂರಪ್ನೋರಿಗೆ ನಾವು ಬರೋದು ಬೇಕಾಗಿರಲ್ಲ ಅಂದ್ರು ಇವರು."

ಪಾಷ ಒಳಗೆ ಚಾಪೆಯ ಮೇಲೆ ಕೂತಿದ್ದ. ಅವನಿಗೂ ಅರವತ್ತು ದಾಟಿತ್ತು. ಎದ್ದು ನಿಲ್ಲಲಿಲ್ಲ, ಕೂರಿ ಎಂದು ಕೈ ತೋರಿಸಿದ. ನೀರು ಬಂತು, ಚಹಾ ಬಂತು. ಕೊಟ್ಟೂರಪ್ಪ ಬಸ್ಸಿನಲ್ಲಿ ಜೋಡಿಸಿದ ಮಾತನ್ನೆಲ್ಲ ಚಹಾದ ಜೊತೆ ನುಂಗಿದ.

"ವನಜಾ ಹಾಡಿರೋ ಪ್ಲೇಟು. ನವಿಲಿನ ಗುರುತಿಂದು. ನಿನ್ನ ಹತ್ರ ಐತಂತೆ."

"ಐತೆ" ಎಂದ ಪಾಷ. "ನಿಮ್ಮ ಹತ್ರಾನೂ ಐತೆ. ದಾವಣಗೆರೆ ಅಂಗಡೀಲಿ ಎರಡೇ ಇದ್ವು. ಒಂದು ನೀವು ಎತ್ಕೊಂಡ್ರಿ, ಒಂದು ನಾನು. ಆವತ್ತು ನನ್ನ ಕೂಡ ಮಾತಾಡಲಿಲ್ಲ ನೀವು."

"ನಂದು ಕೆಟ್ಟೋಗಿದೆ."

"ಕೆಟ್ಟೋಗಲಿಲ್ಲ, ಕೊಟ್ಟೂರಪ್ನೋರೆ. ನೀವು ಕೆಡಿಸಿದ್ರಿ." ಪಾಷ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದ. "ನಾಡಿಗೆಲ್ಲ ಹೇಳ್ಕೊಂಡು ಬಂದ್ರಲ್ಲ, ದಬ್ಬಣದ ಕಥೆ. ನಾನು ಕೇಳಿ ಒಂದು ಹೊತ್ತು ಊಟ ಮಾಡಲಿಲ್ಲ. ನಿಮ್ಮ ಪೆಟ್ಟಿಗೇಲಿರೋದು ಪ್ಲೇಟಲ್ಲ ಬಿಡ್ರಿ, ಒಂದು ಕಣ್ಣು ಕಿತ್ತ ದನ."

ಕೊಟ್ಟೂರಪ್ಪನ ಮೈ ಉರಿಯಿತು. "ದೇವರ ಮುಂದೆ ಹಾಕೋ ಹಾಡಾ ಅದು? ನೀನು ಬೀದಿ ಹಾಡಿನೋನು, ನಿಂಗೇನು ಗೊತ್ತು."

"ಆ ಹಾಡು ಪೂರ್ತಿ ಕೇಳಿದೀರಾ?"

ಕೊಟ್ಟೂರಪ್ಪ ಚಹಾದ ಲೋಟ ಕೆಳಗಿಟ್ಟ. ಕೇಳಿರಲಿಲ್ಲ. ಗುಡಿಯ ಮುಂದೆ ಕೇಳಿದ್ದು ಮೊದಲ ಸಾಲು. ಅಷ್ಟರಲ್ಲಿ ಬೊಮ್ಮಣ್ಣ ಅಬ್ಬರಿಸಿದ್ದ.

"ಕೇಳದೇನೇ ಗೀರಿದ್ರಾ?" ಪಾಷ ಸಣ್ಣಗೆ ನಕ್ಕ. ಒಳಗಿನಿಂದ ಒಂದು ತಗಡಿನ ಟ್ರಂಕು ತರಿಸಿದ. ಬೀಗ ತೆಗೆದರೆ ಒಳಗೆ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಹನ್ನೊಂದು ಸಣ್ಣ ಪ್ಲೇಟು. "ಶೇಂಗಾ ಸುಲಿಯೋ ಊರಿನೋರಿಗೆ ಹೇಳಬೇಕಾ? ಒಂದು ಬೀಜ ಗಟ್ಟಿ, ಇನ್ನೊಂದು ಜಳ್ಳು, ಹಂಗಿರ್ತವೆ ಈ ಪ್ಲೇಟು. ಕಂಪನಿಯೋರು ಒಂದು ಕಡೆ ಹಾಡು ಹಾಕಿ ಇನ್ನೊಂದು ಕಡೆ ಹೊಟ್ಟು ತುಂಬ್ತಾರೆ. ಎರಡೂ ಕಾಳು ಗಟ್ಟಿ ಇರೋವು ನನ್ನ ಮೂವತ್ತು ವರ್ಷದಲ್ಲಿ ಸಿಕ್ಕಿದ್ದು ಇಷ್ಟೇ. ಯಾರಿಗೂ ಗೊತ್ತಿಲ್ಲದ ಹಾಡು ಇವೆಲ್ಲ. ಹಾಡಿದೋರು ಬದುಕಿದಾರೋ ಇಲ್ಲೋ."

ತಿಪ್ಪೆಗುಂಡಿ ಎಂದು ತಾನು ಆಡಿಕೊಂಡದ್ದು ಕೊಟ್ಟೂರಪ್ಪನಿಗೆ ನೆನಪಾಯಿತು. ತನ್ನ ಮನೆಯಲ್ಲಿ ದೇವರ ಪ್ಲೇಟುಗಳಿಗೂ ಇಂಥ ಬಟ್ಟೆ ಇರಲಿಲ್ಲ.

"ನಾಳೆ ಅವಳ ವರ್ಷದ ಎಡೆ" ಎಂದ. "ಸಾಯೋ ಮುಂಚೆ ಈ ಹಾಡು ಕೇಳಿದ್ಲು. ಇದು ತಪ್ಪಿದ್ರೆ ಎಡೆ ಇಟ್ಟೂ ಇಟ್ಟಂಗಾಗಲ್ಲ. ಒಂದು ದಿನಕ್ಕೆ ಕೊಡು. ಬೇಕಾದ್ರೆ ನನ್ನ ವಾಲ್ವಿನ ಆಂಪ್ಲಿಫೈಯರ್ ಇಟ್ಕೊ."

"ಅದನ್ನ ಹಳೇ ಕಬ್ಬಿಣದೋರಿಗೆ ಹಾಕ್ರಿ. ಗೀರಿದ ಕೈಗೆ ನಾನು ಪ್ಲೇಟು ಕೊಡಲ್ಲ."

ಸಕೀನಾ ಬೀ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಗಂಡನಿಗೆ ಉರ್ದುವಿನಲ್ಲಿ ಏನೋ ಹೇಳಿದಳು. ಪಾಷ ತಲೆ ತಗ್ಗಿಸಿದ. ಆಮೇಲೆ ಅವಳೇ ಕೊಟ್ಟೂರಪ್ಪನಿಗೆ ಹೇಳಿದಳು. "ಇವರು ಮೈಕ್ ಹಾಕಿದ್ದ ಸಿದ್ದಾಪುರದ ಮದುವೇಲಿ ರೇಣುಕಕ್ಕ ಈ ಹಾಡು ಮೂರು ಸಲ ಹಾಕಿಸಿದ್ರು ಅಣ್ಣ. ನಾನೂ ಅಲ್ಲೇ ಇದ್ದೆ. ನಮ್ಮನೇಲೂ ಈ ಪ್ಲೇಟೈತೆ, ಆದ್ರೆ ಒಂದು ಕಡೆ ಮಾತ್ರ ಅಂದ್ರು. ಬೈಕೊಳ್ಳಲಿಲ್ಲ ಅವರು. ನಕ್ಕೊಂಡೇ ಅಂದ್ರು."

ತನ್ನ ಮನೆಯಲ್ಲಿದ್ದ ಹಾಡನ್ನು ಕೇಳಲು ರೇಣುಕಮ್ಮ ಪರರ ಮದುವೆಯ ಚಪ್ಪರಕ್ಕೆ ಹೋಗಬೇಕಾಯಿತು. ಅದೂ ಗಂಡ ಹೀಯಾಳಿಸುತ್ತಿದ್ದವನ ಪೆಟ್ಟಿಗೆಯ ಮುಂದೆ ನಿಲ್ಲಬೇಕಾಯಿತು. ಕೊಟ್ಟೂರಪ್ಪ ಟ್ರಂಕಿನ ಹತ್ತಿರಕ್ಕೆ ಸರಿದ.

"ಈಗಲಾದ್ರೂ ಪೂರ್ತಿ ಕೇಳ್ರಿ" ಎಂದ ಪಾಷ. ಮೆಷಿನ್ನು ಮುಂದಕ್ಕೆ ಎಳೆದು ಪ್ಲೇಟು ಇಟ್ಟ. ಕರೆಂಟು ಇರಲಿಲ್ಲ, ಬರುವುದು ಸಂಜೆ ಆರಕ್ಕೆ. ಚಳ್ಳಕೆರೆಯ ಕೊನೆಯ ಬಸ್ಸು ಐದಕ್ಕೆ. ಪಾಷ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿಯನ್ನು ಕಳಿಸಿ ಪಕ್ಕದ ಮನೆಯ ಕೈಮಗ್ಗ ಸ್ವಲ್ಪ ಹೊತ್ತು ನಿಲ್ಲಿಸಲು ಹೇಳಿದ. ಸದ್ದು ನಿಂತ ಮೇಲೆ ಮುಳ್ಳು ಇಳಿಸಿ, ತೋರುಬೆರಳಿನಿಂದ ಮೆಷಿನ್ನಿನ ತಟ್ಟೆಯ ಅಂಚನ್ನು ಮೆಲ್ಲಗೆ ತಳ್ಳುತ್ತ ತಿರುಗಿಸತೊಡಗಿದ. "ಕಿವಿ ಮುಳ್ಳಿನ ಹತ್ರ ತರ್ರಿ. ಇನ್ನೂ ಹತ್ರ."

ಕೊಟ್ಟೂರಪ್ಪ ಮೊಣಕಾಲೂರಿ ಬಗ್ಗಿದ. ಪಾಷನ ಮುಂದೆ ಹೀಗೆ ಬಗ್ಗಿದ್ದನ್ನು ಚಳ್ಳಕೆರೆಯವರು ಕಂಡಿದ್ದರೆ ಏನೆನ್ನುತ್ತಿದ್ದರೋ. ಮುಳ್ಳಿನ ಬುಡದಿಂದ ನೊಣದ ರೆಕ್ಕೆಯಷ್ಟು ಸಣ್ಣ ದನಿ ಬಂತು. ಬೆರಳಿನ ವೇಗ ಹೆಚ್ಚು ಕಡಿಮೆಯಾದಂತೆ ವನಜಾಳ ದನಿ ಒಮ್ಮೆ ಮುದುಕಿಯದಾಗುತ್ತಿತ್ತು, ಒಮ್ಮೆ ಮಗುವಿನದಾಗುತ್ತಿತ್ತು. ಹೊರಟೆಯೇನು, ಇನ್ನೊಂದು ಗಳಿಗೆ ಕೂರು. ನೀರು ತೋಡಿಟ್ಟಿದ್ದೇನೆ, ಚಪ್ಪಲಿ ಬಿಡು. ಇಷ್ಟು ಹೊತ್ತು ಊರಿಗೆಲ್ಲ ಇದ್ದೆ, ಈ ಗಳಿಗೆ ನನಗಿರು.

ಅದು ದೇವರ ಹಾಡಲ್ಲ. ಹೇಗೆ ಕೇಳಿದರೂ ಹೆಣ್ಣೊಬ್ಬಳು ಗಂಡಸನ್ನು ಕರೆಯುವ ಹಾಡೇ. ಆದರೆ ಶಿವನನ್ನು ಕರೆಯುವಾಗ ಆ ಹುಡುಗಿ ಎಳೆದುಕೊಂಡ ಉಸಿರು ಯಾವುದೋ ಇಲ್ಲೂ ಅದೇ ಉಸಿರು. ಅಲ್ಲಿ ಒಂದು ಎಳೆ ಹೆಚ್ಚು, ಇಲ್ಲಿ ಒಂದು ಎಳೆ ಕಡಿಮೆ ಎನ್ನುವಂತಿರಲಿಲ್ಲ. ಮೂವತ್ತು ವರ್ಷ ಹಾಡಿನ ನಡುವೆ ಬದುಕಿದ ಕಿವಿ ಸುಳ್ಳು ಹೇಳಲು ಒಪ್ಪಲಿಲ್ಲ. ಊರೂರಿನ ಚಪ್ಪರಗಳಿಗೆ ತಿರುಗಿ ಬೆಳಗಿನ ಜಾವಕ್ಕೆ ಮನೆಗೆ ಬಂದು, ಪೆಟ್ಟಿಗೆ ಇಳಿಸಿ, ಮತ್ತೆ ಬೇರೆ ಊರಿಗೆ ಹೊರಟು ನಿಲ್ಲುತ್ತಿದ್ದ ದಿನಗಳು ಅವನ ಕಣ್ಣ ಮುಂದೆ ಬಂದವು. ರೇಣುಕಮ್ಮ ಒಂದು ಸಲವೂ ಬಾಯಿಬಿಟ್ಟು ಕೂರು ಎನ್ನಲಿಲ್ಲ. ಹಾಡು ಹಾಕಿರಿ ಎಂದಳು ಅಷ್ಟೆ.

ಮುಳ್ಳು ಕೊನೆ ಮುಟ್ಟಿತು. ಪಾಷ ಬೆರಳು ತೆಗೆದು ನೆಟಿಗೆ ಮುರಿದ.

"ನಾಳೆ ನೀನೇ ಬಾ. ಮೆಷಿನ್ನು ನನ್ನದು ಐತೆ. ಪ್ಲೇಟು ನಿನ್ನ ಕೈಯಾಗೇ ಇರಲಿ" ಎಂದ ಕೊಟ್ಟೂರಪ್ಪ.

"ಬಂದ್ರೆ ಎರಡು ಕಡೇನೂ ಹಾಕ್ತೀನಿ. ಒಂದು ಕಡೆ ಹಾಕಿ ತೆಗಿಯೋದು ನನ್ನ ಕಸುಬಲ್ಲ."

"ಹಾಕು."

ಸೋಮವಾರ ಬೆಳಿಗ್ಗೆ ಪಾಷ ಮೊದಲ ಬಸ್ಸಿಗೆ ಬಂದ. ಅಷ್ಟರಲ್ಲಿ ಕೊಟ್ಟೂರಪ್ಪ ತನ್ನ ಹಳೆಯ ಹಾರ್ನನ್ನು ಮಾಳಿಗೆಗೆ ಏರಿಸಿ ಕಟ್ಟಿದ್ದ. ಬಾಯಿಯನ್ನು ಗುಡಿಯ ಕಡೆಗೆ ತಿರುಗಿಸಿದ್ದ. ಸ್ವಪ್ನ ನೋಡಿ, "ಮನೇಲಿ ಕೇಳಿದ್ರೆ ಸಾಕಲ್ವ ಅಪ್ಪ" ಎಂದಳು. "ಗೀರಿದ್ದು ಊರಿಗೆಲ್ಲ ಗೊತ್ತೈತೆ. ಇದೂ ಗೊತ್ತಾಗ್ಲಿ" ಎಂದ.

ನಂಟರು, ಬೀದಿಯವರು ಬಂದು ಕೂತರು. ಎಪ್ಪತ್ತೆಂಟರ ಬೊಮ್ಮಣ್ಣ ಎಲ್ಲರಿಗಿಂತ ಮುಂದೆ, ಗೋಡೆಗೆ ಒರಗಿ ಕೂತ. ತಿಪ್ಪಯ್ಯ ಎಡೆಯ ಸಾಮಾನನ್ನು ಒಂದೊಂದಾಗಿ ಕಣ್ಣಲ್ಲೇ ಎಣಿಸುತ್ತಿದ್ದ. ರೇಣುಕಮ್ಮನ ಪಟದ ಮುಂದೆ ಎಲೆ ಹಾಸಿ ಎಡೆ ಬಡಿಸಿದರು. ಪೂಜೆ ಮುಗಿದು, ಹೋದವರು ಬಂದು ಉಣ್ಣಲೆಂದು ಮೌನವಾಗಿ ಕೂರುವ ಹೊತ್ತಿಗೆ ಕೊಟ್ಟೂರಪ್ಪ ಪಾಷನ ಕಡೆ ನೋಡಿದ. ಪಾಷ ಸೀರೆಯ ತುಂಡಿನಿಂದ ಪ್ಲೇಟು ತೆಗೆದು ಮುಳ್ಳು ಇಳಿಸಿದ.

'ಹೊರಟೆಯೇನು' ಎಂದು ಹಾರ್ನು ಎತ್ತಿಕೊಂಡಿತು. ಬೀದಿಯ ಬಾಗಿಲುಗಳಲ್ಲಿ ಹೆಂಗಸರು ನಿಂತರು. ಒಳಗೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

ಬೊಮ್ಮಣ್ಣ ಗೋಡೆ ಬಿಟ್ಟು ನೆಟ್ಟಗಾದ. "ಲೇ ಕೊಟ್ಟೂರ, ಎಡೆ ಮುಂದೆ ಇದೇನಲೇ. ತೆಗಿಯಲೇ ಅದನ್ನ."

ಪಾಷನ ಕೈ ಮುಳ್ಳಿನ ಹತ್ತಿರ ಹೋಗಿ ನಿಂತಿತು. ಕೊಟ್ಟೂರಪ್ಪ ಆ ಕೈಯನ್ನು ಹಿಡಿದು ಆಚೆ ಸರಿಸಿದ.

"ಮುಗಿಲಿ ಬೊಮ್ಮಣ್ಣ. ಆವತ್ತು ನೀನೂ ಪೂರ್ತಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೂತ್ಕೊಂಡು ಕೇಳು. ಆಗದಿದ್ರೆ ಎದ್ದು ಹೋಗು, ಚಪ್ಪಲಿ ಬಾಗಿಲಲ್ಲೈತೆ."

ಬೊಮ್ಮಣ್ಣನ ಮುಖ ಕಪ್ಪಿಟ್ಟಿತು. ಎದ್ದು ಹೋಗಲು ಮೊಣಕಾಲು ಬಿಡಲಿಲ್ಲವೋ ಅಥವಾ ಹೋಳಿಗೆ ಬಿಡಲಿಲ್ಲವೋ, ಅಂತೂ ಕೂತೇ ಇದ್ದ. ನೀರು ತೋಡಿಟ್ಟಿದ್ದೇನೆ ಎಂಬಲ್ಲಿಗೆ ಹಾಡು ಬಂದಾಗ ಸ್ವಪ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳವ್ವ ಗುಡಿಯ ಮುಂದೆ ಒತ್ತಿಕೊಂಡ ಹಾಗೆಯೇ. ಆದರೆ ಅವಳು ನಗುತ್ತಿರಲಿಲ್ಲ.

ಹಾಡು ಮುಗಿಯಿತು. ಮಗುಚಲು ಕೊಟ್ಟೂರಪ್ಪ ತಾನೇ ಕೈ ಚಾಚಿದ. ಪಾಷ ಒಂದು ಗಳಿಗೆ ಯೋಚಿಸಿ ಪಕ್ಕಕ್ಕೆ ಸರಿದ.

"ಅಂಚು ಹಿಡೀರಿ. ಬೆರಳು ತಗುಲಬಾರದು."

ಮೂವತ್ತು ವರ್ಷದ ಕಸುಬುದಾರನಿಗೆ ಪ್ಲೇಟು ಹಿಡಿಯುವುದನ್ನು ಹೇಳಿಕೊಡುವ ಮಾತು. ಕೊಟ್ಟೂರಪ್ಪ ಪಂಚೆಗೆ ಕೈ ಒರೆಸಿಕೊಂಡು, ಅಂಚು ಹಿಡಿದು, ಮಗುಚಿ ಇಟ್ಟ. ಶಿವನ ಹಾಡು ಎದ್ದಿತು. ಈ ಸಲ ಬೊಮ್ಮಣ್ಣ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿ ತಲೆದೂಗಿದ. ಅದೇ ಹುಡುಗಿ, ಅದೇ ಉಸಿರು. ಈಗ ತಾನೆ ತೆಗಿಯಲೇ ಎಂದ ಮುದುಕ ಈಗ ತಲೆದೂಗುತ್ತಿದ್ದಾನೆ. ಕೊಟ್ಟೂರಪ್ಪ ಅವನನ್ನು ಹೇಸಿಗೆಯಿಂದ ನೋಡಿದ. ಬಹಳ ಹೊತ್ತು ನೋಡಲಾಗಲಿಲ್ಲ. ಇಪ್ಪತ್ತಮೂರು ವರ್ಷ ತಾನೂ ಹಾಗೆಯೇ ಕಣ್ಣು ಮುಚ್ಚಿ ಕೂತವನು.

ಎಡೆ ಇನ್ನೂ ಎತ್ತಿರಲಿಲ್ಲ. ಹಾಡು ನಿಂತಾಗ ಪಾಷ ಮುಳ್ಳು ಎತ್ತಿ ಹಿಡಿದು ಕೇಳಿದ. "ಇನ್ನೂ ಹೊತ್ತೈತೆ. ಯಾವ ಕಡೆ ಹಾಕ್ಲಿ?"

ಕೊಟ್ಟೂರಪ್ಪ ಪಟದ ಕಡೆ ನೋಡುತ್ತಲೇ ಹೇಳಿದ.

"ಕೈಗೆ ಸಿಕ್ಕಿದ ಕಡೆ ಹಾಕು, ಪಾಷಣ್ಣ."